ಜಾಣಗಿವುಡು

ನನ್ನ ಮಗಳಿಗೆ ಐದೂವರೆ ವರ್ಷ ತುಂಬುವ ಹೊತ್ತಿಗೆ ನಾನು ಕಿವುಡನಾಗಿ ಸುಮಾರು ಒಂದು ವರ್ಷವಾಗಿತ್ತು. ಹುಟ್ಟುಗಿವುಡಲ್ಲ, ಕಾಯಿಲೆ ಬಿದ್ದು ಬಂದದ್ದೂ ಅಲ್ಲ. ನಾನೇ ಬೇಕೆಂದು ತಂದುಕೊಂಡದ್ದು. ಎರ್ನಾಕುಲಂನ ನಮ್ಮ ಫ್ಲ್ಯಾಟಿನ ಬಾಗಿಲು ದಾಟಿ ಒಳಗೆ ಬಂದರೆ ನನಗೆ ಮಲಯಾಳ ಕೇಳಿಸುತ್ತಿರಲಿಲ್ಲ. ಹೊರಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ನಮ್ಮ ಕಡೆ ಇದಕ್ಕೆ ಜಾಣಗಿವುಡು ಅನ್ನುತ್ತಾರೆ. ಈ ಜಾಣತನಕ್ಕೆ ಮಗಳ ಒಂದು ದವಡೆ ಹಲ್ಲು ಹೋಯಿತು. ಇನ್ನು ಒಂದು ದಿನ ತಡವಾಗಿದ್ದರೆ ಮಗಳೇ ಹೋಗುತ್ತಿದ್ದಳು ಎಂದು ತಿರುವನಂತಪುರದ ಡಾಕ್ಟರು ಹೇಳಿದರು. ಅವರು ಹೆದರಿಸಲು ಹೇಳಿದ ಮಾತಲ್ಲ ಅದು, ಸುಮ್ಮನೆ ಕೈ ತೊಳೆಯುತ್ತ ಹೇಳಿದ್ದು.

ನಾನು ಹಾಸನದ ಕಡೆಯವನು, ಬ್ಯಾಂಕಿನ ನೌಕರ. ನನ್ನನ್ನು ಎರ್ನಾಕುಲಂಗೆ ಹಾಕಿದಾಗ ಹೆಂಡತಿ ಆಗಲೇ ತಿರುವನಂತಪುರದಲ್ಲಿದ್ದಳು. ಅವಳದು ರಾಕೆಟ್ಟಿನ ಸಂಸ್ಥೆಯಲ್ಲಿ ಕೆಲಸ. ಉಡಾವಣೆ ಹತ್ತಿರ ಬಂತೆಂದರೆ ಅವಳಿಗೆ ಹೊತ್ತು ಗೊತ್ತು ಎರಡೂ ಇರುವುದಿಲ್ಲ. ಹಾಗಾಗಿ ಮಗು ನನ್ನ ಹತ್ತಿರ ಇರಲಿ ಎಂದಾಯಿತು. ವಾರಕ್ಕೊಮ್ಮೆ ಯಾರಾದರೂ ರೈಲು ಹತ್ತುವುದು, ಒಮ್ಮೆ ಅವಳು, ಒಮ್ಮೆ ನಾವಿಬ್ಬರು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಚೇಚಿ ಇದ್ದರು. ವಯಸ್ಸಿನಲ್ಲಿ ಹಿರಿಯರಾದ ಹೆಂಗಸರನ್ನು ಅಲ್ಲಿ ಹಾಗೆ ಅಕ್ಕ ಎಂದು ಕರೆಯುವುದು ರೂಢಿ. ಅವರ ಗಂಡ ಅಂಬಲಮುಗಳಿನ ರಿಫೈನರಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದರು, ಮಕ್ಕಳು ದೊಡ್ಡವರಾಗಿ ದೂರ ಹೋಗಿದ್ದರು. ಮಗಳನ್ನು ಶಾಲೆಯ ವ್ಯಾನಿನಿಂದ ಇಳಿಸಿಕೊಂಡು, ಊಟ ಮಾಡಿಸಿ, ನಾನು ಏಳು ಗಂಟೆಗೆ ಬರುವವರೆಗೆ ನೋಡಿಕೊಳ್ಳುತ್ತಿದ್ದವರು ಈ ಚೇಚಿ. ದಿನಕ್ಕೆ ನಾಲ್ಕು ಗಂಟೆ ಚೇಚಿಯ ಮನೆ, ಆರು ಗಂಟೆ ಶಾಲೆ. ನನ್ನ ಪಾಲಿಗೆ ಸಿಗುತ್ತಿದ್ದುದು ನಿದ್ದೆ ಬರುವ ಮುಂಚಿನ ಒಂದೆರಡು ಗಂಟೆ ಅಷ್ಟೆ.

ಮಗುವಿನ ಬಾಯಲ್ಲಿ ಮಲಯಾಳ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ. ಒಮ್ಮೆ ನನ್ನಮ್ಮ ಫೋನಿನಲ್ಲಿ ಅವಳ ಜೊತೆ ಎರಡು ನಿಮಿಷ ಒದ್ದಾಡಿ, ‘ಏನೋ ಇದು, ಮೊಮ್ಮಗಳ ಹತ್ರ ಮಾತಾಡಕ್ಕೂ ದುಭಾಷಿ ಬೇಕೇನೋ’ ಎಂದು ನಕ್ಕರು. ಅವರು ತಮಾಷೆಗೆ ಅಂದದ್ದು, ನನಗೆ ಮಾತ್ರ ಚುರುಕ್ಕೆಂದಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಜೊತೆಗೆ ಆ ವರ್ಷ ಎರ್ನಾಕುಲಂನ ಕನ್ನಡದವರೆಲ್ಲ ಸೇರಿ ನಡೆಸುವ ಸಣ್ಣ ಸಂಘವೊಂದಕ್ಕೆ ನಾನು ಕಾರ್ಯದರ್ಶಿ. ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ಚಿತ್ರಾನ್ನ ತಿಂದು, ನಮ್ಮ ಮಕ್ಕಳು ಕನ್ನಡ ಆಡುವುದಿಲ್ಲವಲ್ಲ ಎಂದು ಕೊರಗುವುದು ಸಂಘದ ಮುಖ್ಯ ಚಟುವಟಿಕೆ. ಕಾರ್ಯದರ್ಶಿಯ ಮಗಳೇ ಹೀಗಾದರೆ ಹೇಗೆ?

ಅದಕ್ಕೇ ಈ ಉಪಾಯ ಹೂಡಿದೆ. ಗದರುವುದಿಲ್ಲ, ಹೊಡೆಯುವುದಂತೂ ಇಲ್ಲವೇ ಇಲ್ಲ. ಮಗಳು ಮಲಯಾಳದಲ್ಲಿ ಏನಾದರೂ ಹೇಳಿದರೆ ನಾನು ಕಿವಿಗೆ ಕೈ ಒಡ್ಡಿ, ಮುಖ ಸೊಟ್ಟ ಮಾಡಿ, ‘ಏನೋ ಸದ್ದು ಬಂದ ಹಾಗಾಯ್ತಲ್ಲ! ಮಾತು ಕೇಳಿಸ್ಲಿಲ್ಲಪ್ಪ. ಈ ಮನೆಯೊಳಗೆ ಅಪ್ಪನ ಕಿವಿಗೆ ಕನ್ನಡ ಮಾತ್ರ ಕೇಳ್ಸೋದು’ ಅನ್ನುತ್ತಿದ್ದೆ. ಮೊದಮೊದಲು ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಬೇಕೆಂದೇ ನನ್ನ ಕಿವಿಯ ಹತ್ತಿರ ಬಂದು ಮಲಯಾಳದಲ್ಲಿ ಕೂಗುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ. ಆಮೇಲೆ ಅವಳೇ ತೊದಲುತ್ತ ಕನ್ನಡಕ್ಕೆ ಬರುತ್ತಿದ್ದಳು. ಮೂರು ತಿಂಗಳಿಗೆ ‘ಅಪ್ಪಾ ಹಾಲು ಬೇಕು’, ‘ಅಪ್ಪಾ ಕತೆ ಹೇಳು’ ಎಲ್ಲ ಬಂತು. ಹೆಂಡತಿಗೆ ಮಾತ್ರ ಇದು ಹಿಡಿಸಲಿಲ್ಲ. ‘ಅಷ್ಟು ಚಿಕ್ಕ ಮಗು ಜೊತೆ ನಿಮ್ಮದೇನ್ರೀ ಹಠ’ ಎಂದಳು. ನಾನು ಕೇಳಲಿಲ್ಲ. ಸಂಘದಲ್ಲಿ ಇದನ್ನು ಹೆಮ್ಮೆಯಿಂದ ವಿವರಿಸಿದೆ. ಚಪ್ಪಾಳೆ ಬಿತ್ತು. ಮುಂದಿನ ತಿಂಗಳು ಬರುವ ಹೊತ್ತಿಗೆ ಇನ್ನೂ ಇಬ್ಬರು ಅಪ್ಪಂದಿರು ತಮ್ಮ ತಮ್ಮ ಮನೆಗಳಲ್ಲಿ ಕಿವುಡರಾಗಿದ್ದರು.

ಮಳೆಗಾಲದ ನಡುವಿನ ಒಂದು ಸಂಜೆ, ಮಲಗುವ ಮುಂಚೆ ಹಲ್ಲುಜ್ಜಿಸಲು ಅವಳನ್ನು ಬಚ್ಚಲಿಗೆ ಕರೆದೆ. ಬ್ರಷ್ಷು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ಆಮೇಲೆ, ‘ಅಚ್ಛಾ, ಪಲ್ಲು ವೇದನಿಕ್ಕುನ್ನು’ ಎಂದಳು.

ನನಗೆ ಪೂರ್ತಿ ಅರ್ಥವಾಯಿತು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದುಬಿಡಬೇಕು. ಅಪ್ಪಾ, ಹಲ್ಲು ನೋಯುತ್ತಿದೆ ಎನ್ನುವುದು ತಿಳಿಯದಿರಲು ನನಗೇನು ದಾಡಿ? ಹಗಲೆಲ್ಲ ಕೌಂಟರಿನ ಆ ಕಡೆ ನಿಂತವರ ಕಷ್ಟಸುಖ ಮಲಯಾಳದಲ್ಲೇ ಕೇಳಿ ಮಲಯಾಳದಲ್ಲೇ ಸಮಾಧಾನ ಹೇಳುವವನು ನಾನು. ಹಲ್ಲುಜ್ಜುವುದನ್ನು ತಪ್ಪಿಸಿಕೊಳ್ಳಲು ನೆಪ ಹೂಡುತ್ತಿದ್ದಾಳೆ ಎಂದುಕೊಂಡೆ. ಆ ದಿನ ಶಾಖೆಯಲ್ಲಿ ತಪಾಸಣೆ ಬೇರೆ ಇತ್ತು, ತಲೆ ಸಿಡಿಯುತ್ತಿತ್ತು. ಅಭ್ಯಾಸಬಲದಿಂದ ಕೈ ಕಿವಿಗೆ ಹೋಯಿತು. ‘ಏನೋ ಸದ್ದು ಬಂತಲ್ಲ?’ ಎಂದೆ.

ಅವಳು ನಗಲಿಲ್ಲ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಹಲ್ಲು ಅನ್ನುವುದು ಅವಳಿಗೆ ಗೊತ್ತಿತ್ತು, ನೋವು ಅನ್ನುವುದೂ ಗೊತ್ತಿತ್ತು. ಎರಡನ್ನೂ ಜೋಡಿಸಿ ಯಾಕೆ ಹೇಳಲಿಲ್ಲವೋ ನನಗೆ ಇವತ್ತಿಗೂ ತಿಳಿಯದು. ನೋವಿನಲ್ಲಿರುವ ಮಗುವಿಗೆ ಅಷ್ಟು ಹುಡುಕುವ ತಾಳ್ಮೆ ಎಲ್ಲಿಂದ ಬರಬೇಕು? ‘ಏನಿಲ್ಲ’ ಎಂದು ತಿರುಗಿ ನಿಂತು ಮೆಲ್ಲಗೆ ಒಂದೇ ಕಡೆ ಉಜ್ಜಿಕೊಂಡಳು. ಆ ‘ಏನಿಲ್ಲ’ ಅಪ್ಪಟ ಕನ್ನಡವಾಗಿತ್ತು, ನನಗೆ ಖುಷಿಯೂ ಆಯಿತು.

ಆಮೇಲಿನ ದಿನಗಳನ್ನು ಈಗ ಒಂದೊಂದಾಗಿ ನೆನೆಸಿಕೊಂಡರೆ ಎಲ್ಲವೂ ಕಣ್ಣೆದುರಿಗೇ ಇತ್ತು. ಎಡಗಡೆಯಲ್ಲೇ ಅಗಿಯುತ್ತಿದ್ದಳು. ಚಪಾತಿಯ ಅಂಚನ್ನು ಬಿಡಿಸಿ ತಟ್ಟೆಯ ಪಕ್ಕಕ್ಕಿಡುತ್ತಿದ್ದಳು. ಮಲಗುವಾಗ ಬಲಗೆನ್ನೆಯ ಕೆಳಗೆ ಅಂಗೈ ಇಟ್ಟುಕೊಳ್ಳುತ್ತಿದ್ದಳು, ನಾನು ಅದನ್ನು ಮುದ್ದೆಂದು ಫೋಟೋ ತೆಗೆದು ಹೆಂಡತಿಗೆ ಕಳಿಸಿದ್ದೆ. ಉಡಾವಣೆಯ ಕೆಲಸದಿಂದಾಗಿ ಓಣಂವರೆಗೆ ನಮ್ಮ ವಾರದ ಓಡಾಟ ನಿಂತಿತ್ತು, ಅವಳು ಮಗಳನ್ನು ನೋಡುತ್ತಿದ್ದುದು ಇಂಥ ಫೋಟೋಗಳಲ್ಲೇ. ಒಂದು ಸಂಜೆ ಕೆಳಗಿನ ಮನೆಗೆ ಅವಳನ್ನು ಕರೆಯಲು ಹೋದಾಗ ಚೇಚಿ ಬಾಗಿಲಲ್ಲೇ ತಡೆದು, ‘ಸಾರೇ, ಮೋಳ್ಕ್ ಪಲ್ಲುವೇದನ ಉಂಡ್. ಡಾಕ್ಟರೆ ಕಾಣಿಕ್ಕಣಂ’ ಎಂದರು. ಮಗಳಿಗೆ ಹಲ್ಲುನೋವಿದೆ, ಡಾಕ್ಟರಿಗೆ ತೋರಿಸಬೇಕು ಎಂದು. ದಿನವೂ ಲವಂಗದೆಣ್ಣೆಯಲ್ಲಿ ಹತ್ತಿ ಅದ್ದಿ ಇಡುತ್ತಿದ್ದೇನೆ, ಆಗ ಸ್ವಲ್ಪ ಊಟ ಮಾಡುತ್ತಾಳೆ ಎಂದೂ ಹೇಳಿದರು.

ನನಗೆ ಮೊದಲು ಬಂದದ್ದು ಸಂಕಟವಲ್ಲ, ಸಿಟ್ಟು. ನನ್ನ ಮಗಳ ಹಲ್ಲಿನ ವಿಷಯ ನನಗಿಂತ ಮುಂಚೆ ಇವರಿಗೆ ಗೊತ್ತಾಗುವುದೆಂದರೇನು ಎಂದು ಒಳಗೊಳಗೇ ಉರಿಯಿತು. ‘ಹಾಲುಹಲ್ಲು ತಾನೇ ಚೇಚಿ, ಹೇಗೂ ಬಿದ್ದುಹೋಗುತ್ತೆ’ ಎಂದು ಮಲಯಾಳದಲ್ಲೇ ಹೇಳಿ ಮಗುವನ್ನು ಎತ್ತಿಕೊಂಡು ಬಂದೆ. ದಸರಾ ರಜೆಗೆ ಊರಿಗೆ ಹೋಗುವವರಿದ್ದೆವು. ಅಲ್ಲಿ ನಮ್ಮ ಡಾಕ್ಟರಿದ್ದಾರೆ, ಅಲ್ಲೇ ತೋರಿಸಿದರಾಯಿತು ಎಂದುಕೊಂಡೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಊರಲ್ಲೇ ಇರುವವರ ಗಾದೆ. ವರ್ಗವಾಗಿ ಬಂದ ನಮ್ಮಂಥವರಿಗೆ ಹಿತ್ತಲ ಗಿಡವೇ ಮದ್ದು. ಕನ್ನಡಕ, ಹಲ್ಲು, ಮಂಡಿನೋವು, ಎಲ್ಲವನ್ನೂ ಕಟ್ಟಿಟ್ಟುಕೊಂಡು ರಜೆಯಲ್ಲಿ ಊರಿಗೆ ಹೊತ್ತೊಯ್ಯುತ್ತೇವೆ. ನೋವೇನೋ ರಜೆ ನೋಡಿಕೊಂಡು ಬರುವುದಿಲ್ಲ.

ಚೇಚಿ ಬಿಡಲಿಲ್ಲ. ಎರಡು ಮೂರು ಸಲ ಹೇಳಿದ ಮೇಲೆ, ಓಣಂಗೆ ಒಂದು ವಾರ ಮುಂಚಿನ ಶನಿವಾರ, ಮನೆಯ ಹತ್ತಿರದ ಹಲ್ಲಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮಿದು ಮಾತಿನವರು. ಕನ್ನಡಿ ಹಿಡಿದು ನೋಡಿ, ಒಂದು ಎಕ್ಸ್‌ರೇ ತೆಗೆದು, ಬಲಗಡೆ ಕೆಳದವಡೆಯ ಹಲ್ಲಿನಲ್ಲಿ ಹುಳುಕು ಬೇರಿನವರೆಗೆ ಇಳಿದಿದೆ ಎಂದರು. ನೋವಿದೆಯೇ, ನಿದ್ದೆಯಲ್ಲಿ ಎದ್ದು ಅಳುತ್ತಾಳೆಯೇ, ಎಷ್ಟು ದಿನದಿಂದ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಗಳು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಳು. ಉತ್ತರ ಕೊಟ್ಟವನು ನಾನು. ‘ಅಂಥಾ ನೋವೇನಿಲ್ಲ ಡಾಕ್ಟರೇ. ನನ್ನ ಹತ್ತಿರ ಒಂದು ದಿನವೂ ಹೇಳಿಲ್ಲ’ ಎಂದೆ.

ಅದು ಸುಳ್ಳೆಂದು ನನಗೆ ಆಗ ಅನ್ನಿಸಲೂ ಇಲ್ಲ. ನನ್ನ ನಿಯಮದ ಪ್ರಕಾರ ಅವಳು ಹೇಳಿರಲಿಲ್ಲವಲ್ಲ. ಹಾಗಿದ್ದರೆ ಇದು ತೀರ ಅವಸರದ ಕೆಲಸವಲ್ಲ ಎಂದು ಡಾಕ್ಟರು ನನ್ನ ಮಾತನ್ನು ನಂಬಿದರು. ಐದು ದಿನದ ಸಿರಪ್ಪು ಬರೆದು, ಅದು ಮುಗಿದ ಕೂಡಲೇ ಬನ್ನಿ, ಬೇರಿನ ಚಿಕಿತ್ಸೆ ಮಾಡೋಣ ಎಂದರು. ಅಷ್ಟರಲ್ಲಿ ಓಣಂ ರಜೆ, ನಾವು ತಿರುವನಂತಪುರಕ್ಕೆ ಹೋಗುತ್ತೇವೆ ಎಂದೆ. ಸರಿ, ನೋವಿಲ್ಲದಿದ್ದರೆ ಬಂದ ಮೇಲೆ ತಪ್ಪದೆ ಕರೆತನ್ನಿ ಎಂದು ಮಗಳ ಕೈಗೆ ಒಂದು ಬಲೂನು ಕೊಟ್ಟರು. ಆ ಡಾಕ್ಟರನ್ನು ನಾನು ಎಂದೂ ದೂರಲಾರೆ.

ಓಣಂನ ಹಿಂದಿನ ದಿನ ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳು ನನ್ನ ತೊಡೆಯ ಮೇಲೆ ನಾಲ್ಕು ಗಂಟೆಯೂ ನಿದ್ದೆ ಮಾಡಿದಳು. ಕ್ವಾರ್ಟರ್ಸಿನ ಬಾಗಿಲು ತೆರೆದ ಹೆಂಡತಿ ಅವಳನ್ನು ನೋಡಿದವಳೇ, ‘ಏನ್ರೀ, ಈ ಕೆನ್ನೆ ಊದ್ಕೊಂಡಂಗಿದೆಯಲ್ಲ?’ ಎಂದಳು. ಒತ್ತಿಕೊಂಡು ಮಲಗಿದ್ದಳು, ಅದಕ್ಕೇ ಎಂದೆ. ಬೆಳಿಗ್ಗೆ ನೋಡಿದರೆ ಊತ ದವಡೆಯ ಕೆಳಗೆ ಇಳಿದಿತ್ತು, ಮೈ ಬಿಸಿಯಿತ್ತು. ಹುಳುಕು ಹಲ್ಲಿನ ವಿಷಯ ಆಗ ಹೇಳಿದೆ. ಗೊತ್ತಿದ್ದ ಹಲ್ಲಿನ ಡಾಕ್ಟರಿಗೆಲ್ಲ ಹೆಂಡತಿ ಫೋನು ಮಾಡಿದಳು. ಓಣಂನ ಮುಖ್ಯ ದಿನವಾದ ತಿರುವೋಣಂ ದಿನ ಯಾರು ಕ್ಲಿನಿಕ್ಕು ತೆಗೆದಿರುತ್ತಾರೆ? ಕೆಲವರು ಎತ್ತಲೇ ಇಲ್ಲ, ಎತ್ತಿದವರು ನಾಳಿದ್ದು ಬನ್ನಿ ಎಂದರು. ಜ್ವರದ ಔಷಧಿ ಹಾಕಿದೆವು, ಸ್ವಲ್ಪ ಇಳಿಯಿತು. ಪಕ್ಕದ ಮನೆಯವರು ಊಟಕ್ಕೆ ಕರೆದಿದ್ದರು, ಹೋಗದಿದ್ದರೆ ತಪ್ಪು ತಿಳಿಯುತ್ತಾರೆ ಎಂದು ಹೋದೆವು. ಇಷ್ಟಾದರೂ ಹೋದೆವು.

ಬಾಳೆ ಎಲೆಯ ಮುಂದೆ ಅವಳು ಏನನ್ನೂ ಮುಟ್ಟದೆ ಕೂತಿದ್ದಳು. ಪಾಯಸ ಅಂದರೆ ಪ್ರಾಣ ಬಿಡುವ ಮಗು. ಹೆಂಡತಿ ಒಂದು ಚಮಚ ಬಾಯಿಗೆ ಹಿಡಿದಳು. ಬಾಯಿ ಚಮಚ ಹೋಗುವಷ್ಟು ತೆರೆಯಲಿಲ್ಲ. ತುಟಿಯ ಸಂದಿನಲ್ಲಿ ಹೋದಷ್ಟು ಪಾಯಸವೂ ನುಂಗಲಾಗದೆ ಗಲ್ಲದ ಮೇಲೆ ಇಳಿಯಿತು, ಅದರ ಹಿಂದೆಯೇ ಜೊಲ್ಲು. ಹೆಂಡತಿ ಚಮಚವನ್ನು ಎಲೆಯ ಮೇಲೆ ಹಾಕಿ, ಮಗುವನ್ನು ಎತ್ತಿಕೊಂಡು, ಚಪ್ಪಲಿ ಕೂಡ ಮೆಟ್ಟದೆ ರಸ್ತೆಗೆ ಓಡಿದಳು.

ಹಬ್ಬದ ಮಧ್ಯಾಹ್ನ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಮನೆಮನೆಯ ಮುಂದೆ ಹೂವಿನ ರಂಗೋಲಿ, ಒಳಗಿಂದ ಟೀವಿ ಸದ್ದು. ಹತ್ತು ನಿಮಿಷ ಕಾದ ಮೇಲೆ ಹೊಸ ಪಂಚೆ ಉಟ್ಟ ಒಬ್ಬ ಆಟೋದವನು ಸಿಕ್ಕಿದ. ವಿಳಿಂಜಂನಲ್ಲಿರುವ ತನ್ನ ಮನೆಗೆ ಊಟಕ್ಕೆ ಹೊರಟವನು, ಬಾಡಿಗೆ ಇಲ್ಲ ಎನ್ನಲು ಬಾಯಿ ತೆರೆದವನು ಮಗುವಿನ ಮುಖ ನೋಡಿ ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಹೆಂಡತಿ ನನ್ನ ಕಡೆ ನೋಡಲಿಲ್ಲ. ‘ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋಳೋ ಹಾಗೆ ಮಾಡ್ಬಿಟ್ರಲ್ರೀ’ ಎಂದು ಒಂದೇ ಸಲ ಅಂದಳು. ಮಗಳ ಉಸಿರಿನಲ್ಲಿ ಗೊರಗೊರ ಸದ್ದು ಬರುತ್ತಿತ್ತು. ಅಷ್ಟು ಭಯ ನನಗೆ ಅದಕ್ಕೂ ಮುಂಚೆ ಎಂದೂ ಆಗಿರಲಿಲ್ಲ.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಿಂದ ನಮ್ಮನ್ನು ಹಲ್ಲಿನ ವಿಭಾಗಕ್ಕೆ ಕಳಿಸಿದರು. ಹಬ್ಬದ ಪಾಳಿಯಲ್ಲಿದ್ದ ಡಾಕ್ಟರು ಒಬ್ಬ ಹೆಣ್ಣುಮಗಳು, ಬಿಳಿ ಕೋಟಿನ ಕೆಳಗೆ ಜರಿಯಂಚಿನ ಓಣಂ ಸೀರೆ ಕಾಣುತ್ತಿತ್ತು. ಮಗಳ ದವಡೆಯ ಕೆಳಗೆ ಬೆರಳಿಟ್ಟು ಒತ್ತಿ ನೋಡಿದರು. ಅವಳ ಬಾಯಿಗೆ ತಮ್ಮ ಒಂದು ಬೆರಳು ಹೋಗುತ್ತದೆಯೋ ನೋಡಿದರು. ಹೋಗಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದಾಗ ನಾನು, ‘ನಿನ್ನೆಯಿಂದ’ ಎನ್ನುತ್ತಿದ್ದಂತೆ ಕೈಯೆತ್ತಿ ನನ್ನನ್ನು ತಡೆದರು. ಮಗುವನ್ನು ಕೇಳುತ್ತೇನೆ ಎಂದು ಬಗ್ಗಿ ಅವಳ ಮುಖದ ಹತ್ತಿರ ಮುಖ ತಂದು ಮಲಯಾಳದಲ್ಲಿ ಮಾತಾಡಿಸಿದರು.

ಮಗಳು ಹಲ್ಲು ಕಚ್ಚಿಕೊಂಡೇ, ಉಸಿರಿನಷ್ಟು ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದಳು. ಅವಳ ತರಗತಿಯ ಒಬ್ಬಳ ಹುಟ್ಟುಹಬ್ಬಕ್ಕೆ ಕೇಕು ತಿಂದ ದಿನ ಶುರುವಾಯಿತು ಎಂದಳು. ಆ ಹುಟ್ಟುಹಬ್ಬಕ್ಕೆ ಬಣ್ಣದ ಪೆನ್ಸಿಲಿನ ಡಬ್ಬಿ ಕೊಡಿಸಿದವನು ನಾನೇ, ಆರು ವಾರದ ಹಿಂದಿನ ಮಾತು. ತಣ್ಣೀರು ಕುಡಿದರೆ ನೋಯುತ್ತದೆ, ಬಿಸಿ ಹಾಲಿಗೆ ಇನ್ನೂ ನೋಯುತ್ತದೆ, ಟಿಫನ್ನು ಪಕ್ಕದವಳಿಗೆ ಕೊಟ್ಟುಬಿಡುತ್ತೇನೆ, ಚೇಚಿ ಹತ್ತಿ ಇಟ್ಟರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ ಎಂದಳು. ಮಗಳು ಅಷ್ಟು ಉದ್ದಕ್ಕೆ, ಅಷ್ಟು ತಿಳಿಯಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ಜೊತೆ ಅವಳು ಆಡುತ್ತಿದ್ದುದು ಬೇಕು, ಬೇಡ, ಆಯ್ತು ಅಷ್ಟೆ.

‘ಅಚ್ಛನೋಡ್ ಪರಞ್ಞಿಲ್ಲೇ?’ ಎಂದರು ಡಾಕ್ಟರು. ಅಪ್ಪನಿಗೆ ಹೇಳಲಿಲ್ಲವೇ?

‘ಪರಞ್ಞು’ ಎಂದಳು. ಹೇಳಿದೆ. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ‘ವೀಟ್ಟಿಲ್ ಅಚ್ಛನು ಚೆವಿ ಕೇಳ್ಕಿಲ್ಲ’ ಎಂದಳು. ಮನೆಯಲ್ಲಿ ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ.

ದೂರಲಿಲ್ಲ, ಅಳಲಿಲ್ಲ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ ಎನ್ನುವ ಹಾಗೆ, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ನಾನು ವರ್ಷದಿಂದ ಆಡುತ್ತಿದ್ದುದು ಆಟ. ಅವಳು ಅದನ್ನು ಆಟವೆಂದು ತಿಳಿದೇ ಇರಲಿಲ್ಲ, ಅಥವಾ ಮೊದಮೊದಲು ತಿಳಿದಿದ್ದವಳು ಆ ಸಂಜೆ ಬಚ್ಚಲಿನಲ್ಲಿ ನನ್ನ ಮುಖ ನೋಡಿದ ಮೇಲೆ ನಿಜವೆಂದು ನಂಬಿದಳು. ಅಷ್ಟು ನೋವೆಂದು ಹೇಳಿದರೂ ಅಪ್ಪ ಸುಮ್ಮನಿದ್ದಾನೆ ಎಂದರೆ ಅವನಿಗೆ ನಿಜವಾಗಿಯೂ ಕೇಳಿಸುವುದಿಲ್ಲ ಎಂದೇ ಅರ್ಥ. ಮಗು ಇನ್ನು ಹೇಗೆ ತಿಳಿಯಬೇಕು?

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಕಿವುಡನೆಂದು ಅವರೂ ತಿಳಿದಿದ್ದರು. ಹತ್ತಿರ ಬಂದು, ತುಟಿ ಕಾಣುವ ಹಾಗೆ ನಿಂತು, ಜೋರಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು: ಕೀವು ದವಡೆಯ ಕೆಳಗೆ ಇಳಿದಿದೆ. ಗಂಟಲಿನ ಕಡೆ ಹರಡುತ್ತಿದೆ. ಉಸಿರು ಕಟ್ಟಬಹುದು. ಇವತ್ತೇ ಹಲ್ಲು ತೆಗೆದು ಕೀವು ಬಸಿಯಬೇಕು. ಬಾಯಿ ತೆರೆಯದ ಕಾರಣ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಅದರಲ್ಲೂ ಅಪಾಯವಿದೆ. ನನ್ನ ಕಿವಿ ಸರಿಯಾಗಿದೆ ಎಂದು ನಾನು ಹೇಳಲಿಲ್ಲ. ಹೆಂಡತಿಯೂ ಹೇಳಲಿಲ್ಲ. ಕಾಗದಕ್ಕೆ ಸಹಿ ಮಾಡಿದೆ. ಅಲ್ಲಿದ್ದ ನಾಲ್ಕು ದಿನವೂ ದಾದಿಯರು ನನ್ನ ಹತ್ತಿರ ಕೂಗಿಯೇ ಮಾತಾಡಿದರು, ನಾನು ತಲೆಯಾಡಿಸಿದೆ.

ಪಾಯಸದ ಆ ಚಮಚದಿಂದ ಲೆಕ್ಕ ಹಿಡಿದು ಆರು ಗಂಟೆ ಹೊಟ್ಟೆ ಖಾಲಿ ಇರಬೇಕೆಂದರು. ಸಂಜೆ ಏಳಕ್ಕೆ ಥಿಯೇಟರು. ಅಲ್ಲಿಯವರೆಗೆ ಕೈಗೆ ಡ್ರಿಪ್ಪು, ಬಾಯಿಗೆ ಒಂದು ತೊಟ್ಟು ನೀರೂ ಹಾಕುವ ಹಾಗಿಲ್ಲ. ಹೆಂಡತಿ ಅರಿವಳಿಕೆ ಡಾಕ್ಟರನ್ನು ಕಾಣಲು ಹೋಗಿದ್ದಳು, ಹಾಸಿಗೆಯ ಪಕ್ಕ ನಾನೊಬ್ಬನೇ. ನಾಲ್ಕು ಗಂಟೆಯ ಸುಮಾರಿಗೆ ಮಗಳು ಕಣ್ಣು ಬಿಟ್ಟು, ‘ವೆಳ್ಳಂ’ ಎಂದಳು. ನೀರು.

ನಾನು ತಕ್ಷಣ, ನನಗೆ ಬರುವಷ್ಟು ಮೆದುವಾಗಿ ಮಲಯಾಳದಲ್ಲೇ, ಸ್ವಲ್ಪ ಹೊತ್ತು ಬಿಟ್ಟು ಕೊಡುತ್ತೇನೆ ಕಂದಾ ಎಂದೆ. ಜ್ವರದ ಮಂಪರಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ. ನನ್ನ ಕೈ ನೀರಿನ ಬಾಟಲಿಯ ಕಡೆ ಹೋಗಲಿಲ್ಲ ಎನ್ನುವುದನ್ನು ಮಾತ್ರ ನೋಡಿದಳು. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಿರಿದ ತುಟಿಯನ್ನು ಕಷ್ಟಪಟ್ಟು ಬಿಡಿಸಿ, ಒಂದಕ್ಷರವೂ ತಪ್ಪದ ಹಾಗೆ, ‘ಅಪ್ಪಾ, ನಂಗೆ ನೀರು ಬೇಕು’ ಎಂದಳು.

ಕನ್ನಡದಲ್ಲಿ ಕೇಳಿದರೆ ಕೊಡುತ್ತಾನೆ ಎಂದುಕೊಂಡಿದ್ದಳು. ನಾನೇ ಕಲಿಸಿದ ಪಾಠ. ಕೊಡುವ ಹಾಗಿರಲಿಲ್ಲ. ‘ಡಾಕ್ಟರು ಬೇಡ ಅಂದಿದ್ದಾರೆ ಪುಟ್ಟಿ’ ಎಂದೆ. ಅವಳು ಮತ್ತೆ ಅದನ್ನೇ ಹೇಳಿದಳು, ಈ ಸಲ ಇನ್ನೂ ನಿಧಾನವಾಗಿ, ಎಲ್ಲಿ ತಪ್ಪಾಯಿತೋ ಎಂದು ಹುಡುಕುವವಳ ಹಾಗೆ. ಮೂರನೆಯ ಸಲವೂ ಹೇಳಿದಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಅತ್ತೆ. ದಾದಿಯೊಬ್ಬಳು ಬಂದು ಒದ್ದೆ ಹತ್ತಿಯಿಂದ ಅವಳ ತುಟಿ ಒರೆಸಿ, ‘ಸಾರಮಿಲ್ಲ ಮೋಳೇ’ ಎಂದಳು. ಪರವಾಗಿಲ್ಲ ಮಗಳೇ ಎಂದು. ಮಗಳು ಅವಳ ಕೈ ಹಿಡಿದುಕೊಂಡಳು.

ಹಲ್ಲು ತೆಗೆದರು, ಕೀವು ಬಸಿದರು. ದವಡೆಯ ಕೆಳಗೆ ಸಣ್ಣ ರಬ್ಬರಿನ ಕೊಳವೆ ಎರಡು ದಿನ ಇತ್ತು, ಅದರ ಕಲೆ ಗಲ್ಲ ಎತ್ತಿದರೆ ಈಗಲೂ ಕಾಣುತ್ತದೆ. ಕೈ ತೊಳೆಯುತ್ತ ಡಾಕ್ಟರು ಆ ಮಾತು ಹೇಳಿದ್ದು ಆಗಲೇ. ನಾಲ್ಕನೆಯ ದಿನ ಬಾಯಿ ತೆರೆದು ಗಂಜಿ ಕುಡಿದಳು. ಹೆಂಡತಿ ರಜೆ ಹಾಕಿ ನಮ್ಮ ಜೊತೆ ಎರ್ನಾಕುಲಂಗೆ ಬಂದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು, ‘ನಿಮ್ಮ ಹತ್ರ ಹೇಳಿದ್ಲಾ ಅವ್ಳು? ನಿಜ ಹೇಳಿ’ ಎಂದು ಒಮ್ಮೆ ಕೇಳಿದಳು. ಹೂಂ ಎಂದೆ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ, ಬೇರೆ ವಿಷಯವನ್ನೂ ಬಹಳ ದಿನ ಎತ್ತಲಿಲ್ಲ. ಸಂಘಕ್ಕೆ ನಾನು ರಾಜೀನಾಮೆ ಕೊಟ್ಟೆ, ಕೆಲಸದ ಒತ್ತಡ ಎಂದು ಬರೆದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಒಲೆಯೂ ಈಗ ಧಗಧಗ ಉರಿಯತೊಡಗಿತು. ಹೆಂಡತಿ ತಿರುವನಂತಪುರಕ್ಕೆ ಹಿಂತಿರುಗಿದ ಮಾರನೆಯ ಸಂಜೆ, ಮಗಳು ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಳು. ಮನೆಗೆ ಬಂದಾಗಿನಿಂದ ಅವಳು ನನ್ನ ಹತ್ತಿರ ಆಡುತ್ತಿದ್ದುದು ಕನ್ನಡವೇ, ಬಹಳ ಜೋಪಾನವಾದ ಕನ್ನಡ. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಮಲಯಾಳದಲ್ಲಿ, ಇನ್ನುಮೇಲೆ ನಿನಗೆ ಹೇಗೆ ಬರುತ್ತದೋ ಹಾಗೆ ಮಾತಾಡು ಮಗಳೇ, ಅಪ್ಪನಿಗೆ ಮನೆಯಲ್ಲೂ ಕೇಳಿಸುತ್ತದೆ ಎಂದೆ.

ಅವಳು ನಂಬಲಿಲ್ಲ. ಎದ್ದು ರೂಮಿಗೆ ಹೋದಳು. ಬಾಗಿಲ ಹಿಂದಿನಿಂದ, ಮೆತ್ತಗೆ, ಮಲಯಾಳದಲ್ಲಿ ಏನೋ ಹೇಳಿದಳು. ಕೆಂಪು ಪೆನ್ಸಿಲು ಮುರಿದಿದೆ ಎಂದು. ನಾನು ಇಲ್ಲಿಂದಲೇ, ತಾ, ಚೂಪು ಮಾಡಿಕೊಡುತ್ತೇನೆ ಎಂದೆ. ಮತ್ತೆ ಇನ್ನೂ ಸಣ್ಣ ದನಿಯಲ್ಲಿ ಇನ್ನೊಂದು ಹೇಳಿದಳು, ಅದಕ್ಕೂ ಉತ್ತರ ಕೊಟ್ಟೆ. ನಗುತ್ತ ಓಡಿ ಬರುತ್ತಾಳೆ ಎಂದು ಕಾದೆ. ನನ್ನ ತಪ್ಪು ಅಷ್ಟಕ್ಕೇ ತೀರಿಹೋಗುತ್ತದೆ ಎಂದು ಆಸೆಪಟ್ಟೆ.

ಅವಳು ಮೆಲ್ಲಗೆ ನಡೆದು ಬಂದು ನನ್ನ ಎದುರಿಗೆ ನಿಂತಳು. ಮುಖದಲ್ಲಿ ನಗುವಿರಲಿಲ್ಲ. ಯಾವುದನ್ನೋ ಕೂಡಿಸಿ ಕಳೆದು ನೋಡುವವಳ ಹಾಗೆ ನನ್ನನ್ನೇ ನೋಡಿದಳು. ಆಮೇಲೆ ಕನ್ನಡದಲ್ಲಿ ಕೇಳಿದಳು. ನನಗೆ ಖಂಡಿತ ಕೇಳಿಸಲೇಬೇಕು ಎಂದೇ ಅವಳು ಕನ್ನಡವನ್ನು ಆರಿಸಿಕೊಂಡಳೇನೋ.

‘ಹಂಗಾದ್ರೆ ಅವತ್ತೂ ಕೇಳಿಸ್ತಾ ಅಪ್ಪಾ?’

ಇಲ್ಲ ಎನ್ನಬಹುದಿತ್ತು. ಆಸ್ಪತ್ರೆಯಲ್ಲಿ ನನ್ನ ಕಿವಿಗೂ ಔಷಧಿ ಹಾಕಿದರು, ಅದಕ್ಕೇ ಈಗ ಸರಿಹೋಯಿತು ಎಂದಿದ್ದರೆ ಐದೂವರೆ ವರ್ಷದ ಮಗು ನಂಬುತ್ತಿತ್ತು. ಕಿವುಡನಾದ ಅಪ್ಪನನ್ನು ಅವಳು ಅಷ್ಟು ದಿನ ಕ್ಷಮಿಸಿಕೊಂಡೇ ಬಂದಿದ್ದಳು. ಆ ಸುಳ್ಳು ನಾಲಿಗೆಯ ತುದಿಯವರೆಗೂ ಬಂತು.

‘ಕೇಳಿಸ್ತು ಪುಟ್ಟಿ’ ಎಂದೆ.

ಅವಳು ನೆಲದ ಮೇಲಿದ್ದ ಹಾಳೆ, ಪೆನ್ಸಿಲುಗಳನ್ನು ಒಂದೊಂದಾಗಿ ಎತ್ತಿಕೊಂಡು, ಬಾಗಿಲು ತೆರೆದು, ಚೇಚಿಯ ಮನೆಗೆ ಮೆಟ್ಟಿಲಿಳಿದು ಹೋದಳು.